ನಾಳೆ ಬರ್ತೀರಾ ಟೀಚರ್?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರದವಳು. ಸರ್ಕಾರಿ ಶಾಲೆಯಲ್ಲಿ 33 ವರ್ಷ ಪಾಠ ಮಾಡಿ ಹೋದ ವರ್ಷ ಮೇ ಕೊನೆಗೆ ರಿಟೈರ್ ಆದೆ. ಈಗ 61 ವರ್ಷ. ಯಜಮಾನರಿಗೆ ಮೂರು ಎಕರೆ ಕಾಫಿ ತೋಟ ಇದೆ, ಅವರಿಗೆ ದಿನವಿಡೀ ಅದರದ್ದೇ ಕೆಲಸ. ಮಗಳು ಬೆಂಗಳೂರಿನಲ್ಲಿದ್ದಾಳೆ. ಪಿಂಚಣಿ ಬರುತ್ತದೆ, ದುಡ್ಡಿನ ತೊಂದರೆ ಇಲ್ಲ. ಹೊರಗಿನಿಂದ ನೋಡಿದವರಿಗೆ ಇವಳಿಗೇನು ಕಷ್ಟ ಅನ್ನಿಸಬಹುದು.

ಮೊದಲ ಎರಡು ತಿಂಗಳು ಚೆನ್ನಾಗಿಯೇ ಇತ್ತು. ಕಪಾಟು ಜೋಡಿಸಿದೆ, ಮಗಳ ಮನೆಗೆ ಹೋಗಿ ಬಂದೆ, ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿ ಅಕ್ಕಪಕ್ಕದವರಿಗೆಲ್ಲ ಕೊಟ್ಟೆ. ಆಮೇಲೆ ಶುರುವಾಯಿತು. ಬೆಳಿಗ್ಗೆ ಐದಕ್ಕೇ ಎಚ್ಚರ ಆಗುತ್ತದೆ. ಎದ್ದು ಏನು ಮಾಡುವುದು ಅಂತ ಗೊತ್ತಾಗುವುದಿಲ್ಲ. ರಾತ್ರಿಯೂ ನಿದ್ದೆ ಸರಿಯಾಗಿ ಬರುತ್ತಿಲ್ಲ. ರಸ್ತೆಯಲ್ಲಿ ಶಾಲೆ ಮಕ್ಕಳು ಹೋಗುವ ಹೊತ್ತಿಗೆ ಒಳಗೆ ಹೋಗಿಬಿಡುತ್ತೇನೆ, ನೋಡಲು ಆಗುವುದಿಲ್ಲ. ಯಜಮಾನರ ಹತ್ತಿರ ಹೇಳಿದರೆ "ಇಷ್ಟು ವರ್ಷ ದುಡಿದದ್ದು ಸಾಲದಾ, ಸುಮ್ನೆ ಕೂತು ಟಿವಿ ನೋಡು" ಅನ್ನುತ್ತಾರೆ. ಅವರು ಪ್ರೀತಿಯಿಂದಲೇ ಹೇಳುವುದು.

ಒಂದು ಸಂಘಕ್ಕೆ ಸೇರಿದೆ. ಮೀಟಿಂಗ್, ಹಾರ, ಶಾಲು, ಫೋಟೋ. ಜನ ಒಳ್ಳೆಯವರೇ. ಜನವರಿಯಲ್ಲಿ ತಿತಿಮತಿ ಕಡೆಯ ಒಂದು ಹಾಡಿಗೆ, ಅಂದರೆ ಆದಿವಾಸಿಗಳ ಕೇರಿಗೆ, ನೋಟ್‌ಬುಕ್, ಸ್ವೆಟರ್ ಹಂಚಲು ಹೋಗಿದ್ದೆವು. ಬ್ಯಾನರ್ ಕಟ್ಟಿದೆವು, ಹಂಚಿದೆವು, ಅರ್ಧ ಗಂಟೆಯಲ್ಲಿ ಹೊರಟೆವು. ಜೀಪ್ ಹತ್ತುವಾಗ ಒಬ್ಬಳು ಹುಡುಗಿ, ಎಂಟೋ ಒಂಬತ್ತೋ ವರ್ಷ ಇರಬಹುದು, ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು, "ನಾಳೆ ಬರ್ತೀರಾ ಟೀಚರ್?" ಅಂತ ಕೇಳಿದಳು. ನಾನು ಟೀಚರ್ ಅಂತ ಅವಳಿಗೆ ಯಾರು ಹೇಳಿದರೋ. "ಬರ್ತೀನಿ" ಅಂದುಬಿಟ್ಟೆ. ಹೋಗಲಿಲ್ಲ. ಈಗ ನಾಲ್ಕು ತಿಂಗಳಾಯಿತು, ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಏನಾದರೂ ಮಾಡಬೇಕು ಅಂತ ಆಸೆ ಇದೆ. ಎಲ್ಲಿಂದ ಶುರು ಮಾಡಲಿ? ಅಥವಾ ಈ ವಯಸ್ಸಿಗೆ ಇದೆಲ್ಲ ಬೇಕಾ?
— ಹೆಸರು ಬೇಡ, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಟೀಚರ್, ನಿಮ್ಮನ್ನು ಹಾಗೇ ಕರೆಯುತ್ತೇನೆ. ನಮ್ಮ ಊರುಗಳಲ್ಲಿ ಒಮ್ಮೆ ಟೀಚರ್ ಆದವರು ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೊನೆವರೆಗೂ ಟೀಚರೇ ಅಲ್ವಾ.

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಓದುವಾಗ ರಿಟೈರ್ ಆದವರ ಒಂಟಿತನದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಎರಡನೇ ಸಲ ಆ ಹುಡುಗಿಯ ಮಾತಿನ ಹತ್ತಿರ ಬಂದು ಮುಂದೆ ಹೋಗಲು ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅಲ್ಲಿಂದಲೇ ಮಾಡಿ. ಆ ಹಾಡಿಗೆ ವಾಪಸ್ ಹೋಗಿ. ಬ್ಯಾನರ್ ಬೇಡ, ಹಂಚಲು ಏನೂ ತೆಗೆದುಕೊಂಡು ಹೋಗಬೇಡಿ. ಅವಳು ಸಿಕ್ಕರೆ "ಬರ್ತೀನಿ ಅಂದಿದ್ದೆ, ಬರಲಿಲ್ಲ, ನನ್ನದು ತಪ್ಪು" ಅಂತ ಹೇಳಿ. ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವುದು ದೊಡ್ಡವರಿಗೆ ಕಷ್ಟ, ಟೀಚರ್‌ಗಳಿಗೆ ಇನ್ನೂ ಕಷ್ಟ. ಆದರೂ ಹೇಳಿ. ಮತ್ತೆ ಯಾವ ವಾರ ಬರುತ್ತೀರಿ ಅಂತ ಹೇಳಿ, ಆ ವಾರ ಹೋಗಿ. ಮೊದಲ ತಿಂಗಳು ಇಷ್ಟು ಮಾಡಿದರೆ ಸಾಕು.

ಸಂಘದವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಸ್ವೆಟರ್ ಬೇಕಾದದ್ದೇ, ಕಾಡಂಚಿನ ಜನವರಿ ಚಳಿ ನಮಗೆ ಗೊತ್ತಿದೆ. ಆದರೆ ನಿಮಗೆ 33 ವರ್ಷ ರೂಢಿಯಾಗಿರುವ ಕೆಲಸದ ಥರವೇ ಬೇರೆ. ಸೋಮವಾರ ಹೇಳಿಕೊಟ್ಟ ಒತ್ತಕ್ಷರ ಮಂಗಳವಾರ ಮರೆತುಹೋಗಿರುತ್ತದೆ, ಬುಧವಾರ ಮತ್ತೆ ಹೇಳಿಕೊಡುತ್ತೀರಿ, ಹೀಗೇ ಆಗುತ್ತಾ ಆಗುತ್ತಾ ಯಾವುದೋ ಒಂದು ಮಧ್ಯಾಹ್ನ ಆ ಮಗು ಬೋರ್ಡಿನ ಮೇಲಿನ ಇಡೀ ವಾಕ್ಯ ಓದಿ ನಿಮ್ಮ ಮುಖ ನೋಡುತ್ತದೆ. ಅದನ್ನು ಕಂಡವರಿಗೆ ಅರ್ಧ ಗಂಟೆಯ ಕಾರ್ಯಕ್ರಮದಿಂದ ಹೊಟ್ಟೆ ತುಂಬುವುದಿಲ್ಲ. ನಿಮ್ಮ ಬೆಳಗಿನ ಐದು ಗಂಟೆಯ ಕಷ್ಟಕ್ಕೆ ಕಾರಣ ಇದೇ ಅಂತ ನನಗನ್ನಿಸುತ್ತದೆ. ನಿಮಗಾಗಿ ಯಾರೋ ಕಾಯುತ್ತಿರುತ್ತಾರೆ ಅನ್ನುವುದು ಇಷ್ಟು ವರ್ಷ ದಿನಾ ಇತ್ತು, ಒಂದೇ ದಿನದಲ್ಲಿ ನಿಂತುಹೋಯಿತು.

ಆ ಹುಡುಗಿ ತಮ್ಮನನ್ನು ಎತ್ತಿಕೊಂಡಿದ್ದಳು ಅಂದಿರಿ. ಅವತ್ತು ಭಾನುವಾರ ಆಗಿರದಿದ್ದರೆ ಅವಳು ಶಾಲೆಯಲ್ಲಿರಬೇಕಿತ್ತು. ಯಾಕೆ ಇರಲಿಲ್ಲ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಕಡೆ ರೋಬಸ್ಟಾ ಕಾಫಿ ಜಾಸ್ತಿ, ಕುಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಬೆಳಿಗ್ಗೆ ತೋಟದ ಜೀಪ್ ಬಂದು ಅಪ್ಪ ಅಮ್ಮನನ್ನು ಹತ್ತಿಸಿಕೊಂಡು ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಮಗು ಮನೆಯಲ್ಲಿ ಉಳಿಯುತ್ತದೆ. ಸರಿಯಾಗಿ ಅದೇ ಮೂರು ತಿಂಗಳು ಶಾಲೆಯಲ್ಲಿ ಪಾಠ ಮುಗಿಸಿ ಪರೀಕ್ಷೆಗೆ ತಯಾರಿ ನಡೆಯುವ ಕಾಲ. ಮುಂದಿನ ವರ್ಷ ಆ ಮಗು ಮೇಲಿನ ತರಗತಿಯಲ್ಲಿ ಕೂರುತ್ತದೆ, ಏನೂ ತಲೆಗೆ ಹತ್ತುವುದಿಲ್ಲ, ನಾಚಿಕೆಗೆ ಮೆಲ್ಲಗೆ ಬರುವುದನ್ನೇ ಬಿಡುತ್ತದೆ. ಮನೆಮಾತು ಯರವವೋ ಕುರುಬವೋ, ಶಾಲೆಯ ಮಾತು ಕನ್ನಡ. ಜೊತೆಗೆ ದಾರಿಯಲ್ಲಿ ಆನೆ. ಹಾಜರಿ ಪುಸ್ತಕದಲ್ಲಿ ಇದೆಲ್ಲ ಸೇರಿ ಗೈರು ಅಂತ ಒಂದೇ ಗುರುತಾಗುತ್ತದೆ. ನಿಮ್ಮ ಮೇಲೆ ಆರೋಪ ಮಾಡುತ್ತಿಲ್ಲ ಟೀಚರ್, ಒಂದು ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವವರಿಗೆ ಮನೆಮನೆಗೆ ಹೋಗಿ ನೋಡಲು ಪುರುಸೊತ್ತು ಎಲ್ಲಿರುತ್ತದೆ. ಈಗ ನಿಮಗೆ ಪುರುಸೊತ್ತು ಇದೆ. ಅದೇ ಮಗುವನ್ನು ಮನೆಯ ಕಡೆಯಿಂದ ನೋಡಬಹುದು.

ನನ್ನ ಅಮ್ಮನ ವಿಷಯ ಇಲ್ಲಿ ಹೇಳಬೇಕು. ಅವರೂ ಟೀಚರ್ ಆಗಿದ್ದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಬೆಟ್ಟ ಕುಸಿದಾಗ ಮಡಿಕೇರಿಯಲ್ಲಿ ಪರಿಹಾರ ಕೇಂದ್ರಗಳು ಶುರುವಾದವು. ಅಮ್ಮ ರಿಟೈರ್ ಆಗಿ ಆಗಲೇ ಆರು ವರ್ಷ ಆಗಿತ್ತು. ಕೊಡೆ ಹಿಡಿದುಕೊಂಡು ಹೋದರು. ಮೊದಲ ದಿನ ಚಾರ್ಟ್, ಬಣ್ಣದ ಪೆನ್ಸಿಲ್, ಯಾವ ದಿನ ಏನು ಪಾಠ ಅಂತ ಬರೆದ ಪಟ್ಟಿ ಎಲ್ಲ ಇತ್ತು. ಒಂದು ಮಗುವೂ ಹತ್ತಿರ ಬರಲಿಲ್ಲ. ಮೂರು ದಿನ ಹಾಗೇ ಆಯಿತು. ನಾಲ್ಕನೇ ದಿನ ಚಾರ್ಟ್ ಮನೆಯಲ್ಲಿ ಬಿಟ್ಟು ಸೂಜಿ ದಾರ ತೆಗೆದುಕೊಂಡು ಹೋದರು. ಕೊಟ್ಟ ಬಟ್ಟೆಗಳೆಲ್ಲ ಯಾರದ್ದೋ ಅಳತೆಯದ್ದು, ಗುಂಡಿ ಇಲ್ಲದ್ದು. ಒಂದು ಮೂಲೆಯಲ್ಲಿ ಕೂತು ಹೊಲಿಯಲು ಶುರು ಮಾಡಿದರು. ಅಂಗಿ ಹಿಡಿದುಕೊಂಡು ಒಬ್ಬೊಬ್ಬರೇ ಬಂದರು. ಶೀಟಿನ ಮೇಲೆ ಮಳೆ ಜೋರಾಗಿ ಬಿದ್ದರೆ ಆ ಮಕ್ಕಳು ಬೆಚ್ಚಿಬೀಳುತ್ತಿದ್ದವು, ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದವು. ಅಮ್ಮ ಆಗ ಮಗ್ಗಿ ಹೇಳಿಸುತ್ತಿದ್ದರು, ಮಳೆಗಿಂತ ಜೋರಾಗಿ. ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ ಮಳೆ ಸ್ವಲ್ಪ ಕಡಿಮೆ ಆಗಿರುತ್ತಿತ್ತು, ಇಲ್ಲದಿದ್ದರೆ ಹದಿನಾಲ್ಕು. ಕೇಂದ್ರ ಮುಚ್ಚುವವರೆಗೂ ದಿನಾ ಹೋದರು. ಅದರಲ್ಲಿ ಇಬ್ಬರು ಮಕ್ಕಳು ಈಗಲೂ ಪುತ್ತರಿ ಹಬ್ಬಕ್ಕೆ ಅಮ್ಮನನ್ನು ನೋಡಲು ಬರುತ್ತಾರೆ.

ಹಾಗಾಗಿ ಮೊದಲು ಕೆಲವು ವಾರ ಏನೂ ಕಲಿಸಬೇಡಿ. ಸುಮ್ನೆ ಹೋಗಿ ಕೂತುಕೊಳ್ಳಿ. ನೀವೇ ಕಲಿಯಿರಿ. ನೀರಿಗೆ, ಅನ್ನಕ್ಕೆ, ಆನೆಗೆ, ಅಜ್ಜಿಗೆ ಅವರ ಮಾತಿನಲ್ಲಿ ಏನನ್ನುತ್ತಾರೆ ಅಂತ ಆ ಹುಡುಗಿಯನ್ನೇ ಕೇಳಿ ಬರೆದುಕೊಳ್ಳಿ, ತಪ್ಪು ಹೇಳಿದರೆ ತಿದ್ದಲು ಹೇಳಿ. ಮಕ್ಕಳಿಗೆ ಟೀಚರನ್ನು ತಿದ್ದುವುದು ಅಂದರೆ ಎಷ್ಟು ಖುಷಿ ಅಂತ ನೋಡುತ್ತೀರಿ. ಆಮೇಲೆ ಅವರ ಅಜ್ಜಿ ಹೇಳುವ ಕತೆಯನ್ನು ಅವರ ಮಾತಿನಲ್ಲೇ ಹೇಳಿಸಿ, ನೀವು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆಯಿರಿ, ಅದನ್ನೇ ಓದಿಸಿ. ತನಗೆ ಗೊತ್ತಿರುವ ಮಾತು ಕಾಗದದ ಮೇಲೆ ಕಂಡರೆ ಓದು ಬೇಗ ಹತ್ತುತ್ತದೆ. ಪುಸ್ತಕದ ಕನ್ನಡ ಅದರ ಹಿಂದೆ ಬರುತ್ತದೆ.

ಇನ್ನು ಕೇಳಿ ಮಾಡಬೇಕಾದ ಕೆಲವು ಇವೆ. ಹಾಡಿಯ ಹಿರಿಯರ ಹತ್ತಿರ ಮೊದಲು ಮಾತಾಡಿ, ಮಕ್ಕಳ ಅಮ್ಮಂದಿರ ಹತ್ತಿರ ಖಂಡಿತ ಮಾತಾಡಿ. ಅರಣ್ಯದ ಗೇಟಿನ ಒಳಗಿನ ಹಾಡಿಯಾದರೆ ಅರಣ್ಯ ಇಲಾಖೆಯವರನ್ನೂ ಕೇಳಬೇಕಾಗುತ್ತದೆ. ತೋಟದ ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲುಮನೆಗಾದರೆ ಮಾಲೀಕರು, ತೋಟದ ಲೆಕ್ಕ ಬರೆಯುವ ರೈಟರ್ ಇಬ್ಬರಿಗೂ ತಿಳಿಸಿ. ಯಾರದೋ ಮನೆಯೊಳಗೆ ಕೂರುವುದಕ್ಕಿಂತ ಎಲ್ಲರಿಗೂ ಕಾಣುವ ಜಾಗ ಒಳ್ಳೆಯದು, ಅಂಗನವಾಡಿಯ ಜಗುಲಿ, ಸಮುದಾಯ ಭವನ, ಅಥವಾ ಹತ್ತಿರ ಇದ್ದರೆ ಪಂಚಾಯಿತಿ ಲೈಬ್ರರಿ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಉಚಿತ ಸದಸ್ಯತ್ವ ಮಾಡಿಸಿದ್ದಾರೆ. ಹಾಡಿಯ ಮಕ್ಕಳ ಹೆಸರು ಅಲ್ಲಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಬರೆಸಿ.

ಹೊತ್ತಿನ ವಿಷಯದಲ್ಲಿ ಮಾತ್ರ ಶಾಲೆಗಿಂತ ಜಾಸ್ತಿ ಕಟ್ಟುನಿಟ್ಟಾಗಿರಿ. ನಾಲ್ಕಕ್ಕೆ ಕೂತು ಐದಕ್ಕೆ ಎದ್ದುಬಿಡಿ. ತಿತಿಮತಿ, ಮಾಲ್ದಾರೆ, ಸಿದ್ದಾಪುರ ಕಡೆ ಸಂಜೆ ಆನೆ ಯಾವ ತೋಟದಿಂದ ಯಾವ ತೋಟಕ್ಕೆ ದಾಟುತ್ತದೆ ಅಂತ ಹೇಳಲಾಗುವುದಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಇದೆ ಅಂತ ಬಂದ ದಿನ ಹೋಗಬೇಡಿ, ಆದರೆ ಬರುವುದಿಲ್ಲ ಅಂತ ಯಾರಿಗಾದರೂ ಫೋನ್ ಮಾಡಿ ತಿಳಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಿದ್ದಾಗ ವಾರಕ್ಕೆ ಒಂದೇ ದಿನ ಸಾಕು.

ಅಲ್ಲಿನ ಶಾಲೆಗೂ ಹೋಗಿ ಹೆಡ್‌ಮಾಸ್ಟರನ್ನು ಕಂಡು ಬನ್ನಿ. ಇಲ್ಲಿ ಒಂದು ಎಚ್ಚರಿಕೆ. ಈಗ ಇರುವ ಟೀಚರ್ ನಿಮಗಿಂತ ಚಿಕ್ಕವರು, ಬಹುಶಃ ಅತಿಥಿ ಶಿಕ್ಷಕಿ, ಸಂಬಳ ಯಾವಾಗ ಬರುತ್ತದೋ ಅಂತ ಕಾಯುವವರು. ನೀವು ಒಳಗೆ ಕಾಲಿಟ್ಟರೆ ಇನ್‌ಸ್ಪೆಕ್ಷನ್‌ಗೆ ಬಂದಿದ್ದೀರೇನೋ ಅಂತ ಅವರಿಗೆ ಭಯ ಆಗುತ್ತದೆ. "ನಮ್ಮ ಕಾಲದಲ್ಲಿ" ಅನ್ನುವ ಮಾತು ಬಾಯಿಗೆ ಬಂದರೂ ತಡೆದುಕೊಳ್ಳಿ. ಯಾವ ಮಗುವಿಗೆ ಏನು ಬರುತ್ತಿಲ್ಲ ಅಂತ ಅವರನ್ನು ಕೇಳಿ, ಅವರು ಹೇಳಿದ್ದನ್ನು ಮಾಡಿ. ಶಾಲೆಯ ಒಳಗೇ ಪಾಠ ಮಾಡುವ ಆಸೆ ಇದ್ದರೆ ವಿದ್ಯಾಂಜಲಿ ಅಂತ ಕೇಂದ್ರ ಸರ್ಕಾರದ ಯೋಜನೆ ಇದೆ, ನಿವೃತ್ತ ಶಿಕ್ಷಕರೂ ಅದರಲ್ಲಿ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು. ಮಗಳಿಗೆ ಹೇಳಿದರೆ ಫೋನಿನಲ್ಲೇ ಮಾಡಿಕೊಡುತ್ತಾಳೆ.

ಪಾಠಕ್ಕಿಂತ ಜಾಸ್ತಿ ಉಪಯೋಗ ಆಗುವ ಕೆಲಸ ಒಂದಿದೆ, ಅದು ಕಾಗದ ಪತ್ರದ್ದು. ಅರ್ಜಿ ಹೇಗೆ ಬರೆಯಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಯಾವ ಮೇಜಿಗೆ ಹೋಗಬೇಕು ಅಂತ ನಿಮಗೆ ಗೊತ್ತು. ಕೂಲಿ ಬಿಟ್ಟು ಒಂದು ದಿನ ಕಚೇರಿಗೆ ಹೋಗಿ, "ನಾಳೆ ಬಾ" ಅನ್ನಿಸಿಕೊಂಡು ಬರುವವರಿಗೆ ಜೊತೆಗೊಬ್ಬರು ಟೀಚರ್ ಇದ್ದರೆ ಎಷ್ಟು ಬಲ ಅಂತ ಯೋಚಿಸಿ. ಜಾತಿ ಪ್ರಮಾಣ ಪತ್ರ, ಆಧಾರ್, ವಿದ್ಯಾರ್ಥಿವೇತನದ ಅರ್ಜಿ, ಇದೆಲ್ಲ ಎಲ್ಲೋ ಒಂದು ಅಕ್ಷರ ತಪ್ಪಿ ನಿಂತಿರುತ್ತದೆ. ಇನ್ನೊಂದು ವಿಷಯ. ನಿಮ್ಮ ಸುತ್ತಮುತ್ತಲಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರಲ್ಲ, ಅವರ ಮಕ್ಕಳು ಟಿಸಿ (ವರ್ಗಾವಣೆ ಪತ್ರ) ಇಲ್ಲ, ವರ್ಷದ ಮಧ್ಯ ಬಂದರು ಅಂತ ಹೊರಗೇ ಉಳಿಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ತಡವಾಗಿ ಬಂದರೂ ಸೇರಿಸಿಕೊಳ್ಳಬೇಕು. ನಿಮಗೆ ಇದು ಗೊತ್ತಿರುವ ವಿಷಯ, ಆ ಅಪ್ಪ ಅಮ್ಮನಿಗೆ ಗೊತ್ತಿಲ್ಲ.

ಅಮ್ಮಂದಿರನ್ನೂ ಬಿಡಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂತಾ ಇಲ್ಲವಾ ಅಂತ ಫೋನಿನ ಮೆಸೇಜ್ ಓದಲು ಬೇರೆಯವರನ್ನು ಕೇಳುವ ಹೆಂಗಸರು ಎಷ್ಟೋ ಜನ ಇದ್ದಾರೆ. ತಮ್ಮ ಹೆಸರು, ಅಂಕೆ, ಬ್ಯಾಂಕಿನ ಮೆಸೇಜ್, ಇಷ್ಟು ಓದುವುದಕ್ಕೆ ಬಂದರೆ ಅವರ ಕೈಯ ದುಡ್ಡು ಅವರ ಕೈಯಲ್ಲೇ ಇರುತ್ತದೆ. 15 ವರ್ಷ ದಾಟಿದ, ಓದು ಬರಹ ಬಾರದವರಿಗೆ ಉಲ್ಲಾಸ್ ಅನ್ನುವ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ, ಕಲಿಸುವವರೆಲ್ಲ ಸ್ವಯಂಸೇವಕರೇ. ಪಂಚಾಯಿತಿಯಲ್ಲೋ ಶಾಲೆಯಲ್ಲೋ ವಿಚಾರಿಸಿ. ಕುಯ್ಲಿನ ಕಾಲದಲ್ಲಿ ಅವರಿಗೆ ಮೈ ನೋವು, ಕಲಿಯುವ ಮನಸ್ಸಿರುವುದಿಲ್ಲ. ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಕೇಳಿನೋಡಿ.

ಯಜಮಾನರಿಗೆ ನಾನೇನೂ ಬೇರೆ ಹೇಳುವುದಿಲ್ಲ. ಅವರನ್ನೂ ಕರೆದುಕೊಂಡು ಹೋಗಿ. ಜೀಪ್ ಅಥವಾ ಸ್ಕೂಟರ್ ಇದ್ದರೆ ಬಿಟ್ಟು ಬರಲಿ, ಒಂದು ದಿನ ಅಲ್ಲೇ ಕೂರಲಿ. ಮೆಣಸಿನ ಬಳ್ಳಿ, ಜೇನು, ಬೇಲಿ ಅಂತ ಆ ಹಿರಿಯರ ಹತ್ತಿರ ಮಾತಾಡಲು ಅವರಿಗೂ ಬೇಕಾದಷ್ಟಿರುತ್ತದೆ.

ಈ ವಯಸ್ಸಿಗೆ ಬೇಕಾ ಅಂತ ಕೇಳಿದಿರಿ. ಬೇಕು. ಆ ಮಕ್ಕಳಿಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು, ಅದನ್ನು ಒಪ್ಪಿಕೊಳ್ಳಲು ಸಂಕೋಚ ಪಡಬೇಡಿ. ಸೇವೆ ಮಾಡುವವರಿಗೆ ತಮಗೇನೂ ಬೇಡ ಅಂತಿರಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಮಗೂ ಅದರಿಂದ ಏನೋ ಸಿಗುತ್ತದೆ ಅಂತ ಗೊತ್ತಿರುವವರು ಮಳೆ ಬಂದರೂ ಬರುತ್ತಾರೆ, ಶಾಲು ಹೊದಿಸದಿದ್ದರೂ ಬರುತ್ತಾರೆ. ಆದರೆ ನಿದ್ದೆಯ ವಿಷಯ ಹಗುರ ಮಾಡಬೇಡಿ. ಹೀಗೇ ಇನ್ನೆರಡು ವಾರ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಹೋಗಿ ಬಂದ ಮೇಲೆ ಒಂದು ಪತ್ರ ಬರೆಯಿರಿ. ಆ ಹುಡುಗಿಯ ಹೆಸರು ಏನು ಅಂತ ನನಗೆ ಗೊತ್ತಾಗಬೇಕು.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. 71 ವರ್ಷ. ಎರಡೂ ಮಂಡಿ ನೋವು, ಬೆಟ್ಟ ಹತ್ತಿ ಇಳಿಯಲು ಆಗುವುದಿಲ್ಲ, ಬಸ್ ಹತ್ತುವುದೂ ಕಷ್ಟ. ಮನೆಯಲ್ಲೇ ಇದ್ದುಕೊಂಡು ಊರಿಗೆ ಏನಾದರೂ ಮಾಡಬಹುದೇ?
— ನಿವೃತ್ತ ಮೇಷ್ಟ್ರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಖಂಡಿತ ಮಾಡಬಹುದು ಸರ್. ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ವಿಚಾರಿಸಿ. ಆ ಮಕ್ಕಳು ಗಾಳಿಬೀಡಿನ ನವೋದಯ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆ ಬರೆಯಬಹುದು. 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ ಚಿತ್ರ ನೋಡಿ ಯೋಚಿಸಿ ಉತ್ತರಿಸುವಂಥವು, 20 ಲೆಕ್ಕ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು. ಕಡೇ ಪಕ್ಷ ನೂರಕ್ಕೆ 75 ಸೀಟು ಹಳ್ಳಿಯ ಮಕ್ಕಳಿಗೇ ಮೀಸಲು. ಪೇಟೆಯಲ್ಲಿ ಇದಕ್ಕೆ ದುಡ್ಡು ಕೊಟ್ಟು ಕೋಚಿಂಗ್‌ಗೆ ಕಳಿಸುತ್ತಾರೆ. ಹಳ್ಳಿಯಲ್ಲಿ ಎಷ್ಟೋ ಮಕ್ಕಳಿಗೆ ಇಂಥದೊಂದು ಪರೀಕ್ಷೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ, ಗೊತ್ತಾಗುವ ಹೊತ್ತಿಗೆ ಅರ್ಜಿಯ ದಿನ ಮುಗಿದಿರುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ.

ಸೀಟು ಸಿಗುವುದು ಕೆಲವರಿಗೆ ಮಾತ್ರ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸಿಗದವರಿಗೂ ಭಿನ್ನರಾಶಿಯ ಭಯ ಹೋದರೆ ಹೈಸ್ಕೂಲಿನಲ್ಲಿ ಗಣಿತ ಸುಲಭ ಆಗುತ್ತದೆ, ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಎಲ್ಲಿಗೂ ಹೋಗಬೇಡಿ, ಮಕ್ಕಳೇ ನಿಮ್ಮ ಮನೆಗೆ ಬರಲಿ. ಭಾನುವಾರ ಎರಡು ಗಂಟೆ, ಬುಧವಾರ ಸಂಜೆ ಒಂದು ಗಂಟೆ. ಅಪ್ಪ ಅಮ್ಮ ಯಾರಾದರೂ ಬಿಟ್ಟು ಕರೆದುಕೊಂಡು ಹೋಗಲಿ. ಸ್ಲೇಟ್ ಸಾಕು, ಒಂದು ಕಪ್ಪು ಹಲಗೆ ಗೋಡೆಗೆ ಹೊಡೆಸಿ.

ಜಗುಲಿಯಲ್ಲಿ ಲೈಟ್ ಇದೆಯಾ ಸರ್? ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಸಂಜೆ ಬೇಗ ಕತ್ತಲಾಗುತ್ತದೆ.